ನೂರರಲ್ಲಿ ಉಳಿಯುವ ಆರು

ಏಳೆಂಟ್ಲ ಎಷ್ಟು ಎಂದು ಮೂರನೆಯ ತರಗತಿಯ ಮಕ್ಕಳನ್ನು ಕೇಳಿ, ತಪ್ಪು ಉತ್ತರಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಚೀಟಿಯಲ್ಲಿ 54 ಬಂದೀತು, 48 ಬಂದೀತು, 63, 49, 64 ಬಂದಾವು. 31 ಬರುವುದಿಲ್ಲ. 59 ಬರುವುದೂ ಅಪರೂಪ. ಮಗು ಕಣ್ಣುಮುಚ್ಚಿ ಕಲ್ಲೆಸೆಯುತ್ತಿಲ್ಲ ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ. 54 ಎಂದರೆ ಆರೊಂಬತ್ಲ, 48 ಎಂದರೆ ಆರೆಂಟ್ಲ, 63 ಎಂದರೆ ಏಳೊಂಬತ್ಲ. ಎಲ್ಲವೂ ಮಗ್ಗಿಯೊಳಗಿನ ಸಂಖ್ಯೆಗಳೇ, ಅಕ್ಕಪಕ್ಕದ ಪ್ರಶ್ನೆಗಳ ಸರಿಯುತ್ತರಗಳೇ. ದೊಡ್ಡವರನ್ನು ಅವಸರದಲ್ಲಿ ಕೇಳಿದಾಗಲೂ ಹೀಗೆಯೇ ಆಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ಅಂದರೆ ಏಳೆಂಟ್ಲದಲ್ಲಿ ಎಡವಿದ ಮಗುವಿಗೆ ಮಗ್ಗಿ ಬಾರದೆಂದಲ್ಲ. ಬಹಳಷ್ಟು ಬರುತ್ತದೆ, ಬಂದದ್ದೆಲ್ಲ ಒಂದಕ್ಕೊಂದು ಸಿಕ್ಕುಬಿದ್ದಿದೆ.

ಸಿಕ್ಕಿಗೆ ನಾವು ಸಾಮಾನ್ಯವಾಗಿ ಕೊಡುವ ಮದ್ದು, ಇನ್ನೂ ಹತ್ತು ಸಲ ಬರೆ ಎನ್ನುವುದು. ಏಳರ ಮಗ್ಗಿಯನ್ನು ಮೇಲಿನಿಂದ ಕೆಳಕ್ಕೆ ಹತ್ತು ಸಲ ಬರೆಯುವ ಮಗು ಮೂರನೆಯ ಸಲಕ್ಕೆ 7, 7, 7 ಎಂದು ಮೊದಲು ಒಂದು ಕಂಬ ಬರೆಯುತ್ತದೆ, ಆಮೇಲೆ ಗುಣಾಕಾರ ಚಿಹ್ನೆಗಳ ಕಂಬ, ಆಮೇಲೆ 1ರಿಂದ 10. ಕೈ ದುಡಿಯುತ್ತದೆ, ಏಳು ಮತ್ತು ಎಂಟು ಭೇಟಿಯಾಗುವುದೇ ಇಲ್ಲ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಇಷ್ಟೆ: ಮಗ್ಗಿ ನೂರು ಬಿಡಿ ಸಂಗತಿಗಳ ರಾಶಿಯಲ್ಲ. ಅದರಲ್ಲಿ ವಿನ್ಯಾಸವಿದೆ. ಆ ವಿನ್ಯಾಸ ಕಂಡ ಮಗುವಿಗೆ ಬಾಯಿಪಾಠದ ಭಾರ ಆರಕ್ಕೆ ಇಳಿಯುತ್ತದೆ, ಮರೆತದ್ದನ್ನು ತಾನೇ ಕಟ್ಟಿಕೊಳ್ಳುವ ದಾರಿಯೂ ಸಿಗುತ್ತದೆ.

ಹೈದರಾಬಾದಿನ ಕನ್ನಡ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಅವರ ಕಿವಿಗೆ ಬೀಳುವಷ್ಟು ಬಗೆಯ ಮಗ್ಗಿ ಬೇರೆಲ್ಲೂ ಬೀಳಲಾರದು. ಕಾಚಿಗುಡದ ಒಂದು ಕನ್ನಡ ಮನೆಯಲ್ಲಿ ಅಜ್ಜಿ ‘ಏಳೆಂಟ್ಲ ಐವತ್ತಾರು’ ಎನ್ನುತ್ತಾಳೆ. ಪಕ್ಕದ ಮನೆಯ ತೆಲುಗು ಹುಡುಗಿ ಎಕ್ಕಾಲು ಒಪ್ಪಿಸುತ್ತಾ ‘ಏಡು ಎನಿಮಿದುಲು ಯಾಭೈ ಆರು’ ಎನ್ನುತ್ತಾಳೆ. ಶಾಲೆಯಲ್ಲಿ ‘ಸೆವೆನ್ ಏಟ್ ಜಾ ಫಿಫ್ಟಿ ಸಿಕ್ಸ್’. ಬೀದರಿನಿಂದಲೋ ಕಲಬುರಗಿಯಿಂದಲೋ ಬಂದ ಅಜ್ಜ ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಪಹಾಡೆ ಕಲಿತವರಾದರೆ ‘ಸಾತ್ ಅಠ್ಠೇ ಛಪ್ಪನ್’ ಎಂದು ಅವರಿಗೇ ಅರಿಯದೆ ಬಾಯಿಗೆ ಬರುತ್ತದೆ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಆ ತಲೆಮಾರಿನ ಎಷ್ಟೋ ಕನ್ನಡಿಗರ ಮನೆಮಾತು ಒಂದು, ಲೆಕ್ಕದ ಮಾತು ಇನ್ನೊಂದು.

ಇದು ಕೇಳಲಿಕ್ಕೆ ಚೆಂದ. ಮಗುವಿನ ತಲೆಯೊಳಗೆ ಏನಾಗುತ್ತದೆ ಎಂಬುದು ಬೇರೆ ವಿಷಯ. ಫ್ರಾನ್ಸಿನ ಸ್ಟಾನಿಸ್ಲಾಸ್ ದೆಹೇನ್ ಮತ್ತು ಲೊರಾನ್ ಕೊಹೆನ್ 1997ರಲ್ಲಿ ಇಬ್ಬರು ರೋಗಿಗಳ ಕುರಿತು ಬರೆದರು. ಮಿದುಳಿನ ಎಡಭಾಗದ ಒಳಗೆ ಪೆಟ್ಟುಬಿದ್ದ ಒಬ್ಬರಿಗೆ ಮಗ್ಗಿ ಮರೆತುಹೋಗಿತ್ತು, ಮೊದಲಿನಿಂದ ಬಾಯಿಪಾಠವಿದ್ದ ಪ್ರಾರ್ಥನೆ, ಶಿಶುಗೀತೆಗಳೂ ಹೋಗಿದ್ದವು. ಕಳೆಯುವ ಲೆಕ್ಕ ಮಾತ್ರ ಬಹುಮಟ್ಟಿಗೆ ಉಳಿದಿತ್ತು. ಇನ್ನೊಬ್ಬರಿಗೆ ಪೆಟ್ಟು ಬಿದ್ದದ್ದು ಪ್ರಮಾಣದ ಅರಿವಿಗೆ ಬೇಕಾದ ಬೇರೆ ಭಾಗಕ್ಕೆ, ಅವರ ಸ್ಥಿತಿ ತಿರುಗುಮುರುಗು. ಬಾಯಿಪಾಠದ ಮಗ್ಗಿ ನಮ್ಮೊಳಗೆ ಪದ್ಯದ ನೆರೆಯಲ್ಲಿ, ನಾಲಿಗೆಯ ಲಯದಲ್ಲಿ ನೆಲೆಸಿರುತ್ತದೆ ಎಂದು ಇದರಿಂದ ಊಹಿಸಬಹುದು. ಎರಡು ವರ್ಷದ ನಂತರ ದೆಹೇನ್, ಎಲಿಜಬೆತ್ ಸ್ಪೆಲ್ಕೆ ಮೊದಲಾದವರು ರಷ್ಯನ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರಿಗೆ ಕೆಲವು ಕೂಡುವ ಲೆಕ್ಕಗಳನ್ನು ಒಂದು ಭಾಷೆಯಲ್ಲಿ ಕಲಿಸಿ ಇನ್ನೊಂದರಲ್ಲಿ ಕೇಳಿದರು. ಕರಾರುವಾಕ್ಕಾದ ಉತ್ತರ ಬೇಕಾದಾಗ ಭಾಷೆ ಬದಲಾದರೆ ತಡವಾಯಿತು. ಸುಮಾರು ಎಷ್ಟಾದೀತು ಎಂದು ಅಂದಾಜು ಕೇಳಿದಾಗ ಯಾವ ಭಾಷೆಯಾದರೂ ಒಂದೇ.

ಹೈದರಾಬಾದಿನ ತಾಯಿತಂದೆಯರಿಗೆ ಇದರಲ್ಲಿ ನೇರವಾದ ಬುದ್ಧಿಮಾತಿದೆ. ಬಾಯಿಪಾಠಕ್ಕೆ ಒಂದೇ ಭಾಷೆ ಆರಿಸಿಕೊಳ್ಳಿ, ಅದಕ್ಕೇ ನಿಲ್ಲಿ. ಕನ್ನಡವಾದರೆ ಕನ್ನಡ, ಶಾಲೆಯದಾದರೆ ಶಾಲೆಯದು. ಸೋಮವಾರ ಅಜ್ಜಿಯದು, ಮಂಗಳವಾರ ಟ್ಯೂಷನ್ನಿನದು ಎಂದರೆ ಆ ಮಗು ನಾಲ್ಕು ಮಗ್ಗಿಗಳ ಕಾಲುಕಾಲು ಭಾಗ ಕಲಿಯುತ್ತದೆ. ವಿನ್ಯಾಸದ ಮಾತು ಬಂದಾಗ ಮಾತ್ರ ಈ ಕಟ್ಟಿಲ್ಲ. ಬೀಜ ಜೋಡಿಸಿ ತೋರಿಸಿದ ಚೌಕ ಕನ್ನಡದಲ್ಲೂ ಚೌಕ, ತೆಲುಗಿನಲ್ಲೂ ಚೌಕ. ಅದಕ್ಕೇ ನಾನು ವಿನ್ಯಾಸವನ್ನು ಮೊದಲು, ರಾಗವನ್ನು ಆಮೇಲೆ ಇಡುತ್ತೇನೆ.

ಈಗ ನೂರನ್ನು ಆರಕ್ಕೆ ಇಳಿಸೋಣ. ಅಡ್ಡಕ್ಕೆ 1ರಿಂದ 10, ಉದ್ದಕ್ಕೆ 1ರಿಂದ 10 ಬರೆದು ಒಂದು ಚೌಕ ಎಳೆಯಿರಿ. ನೂರು ಮನೆ. ಒಂದರ ಮಗ್ಗಿ, ಹತ್ತರ ಮಗ್ಗಿ ಕಲಿಯಬೇಕಾದವೇ ಅಲ್ಲ. ಆ ಸಾಲುಗಳನ್ನು ಅಡ್ಡಕ್ಕೂ ಉದ್ದಕ್ಕೂ ಬಣ್ಣದ ಪೆನ್ಸಿಲಿನಿಂದ ತುಂಬಿಬಿಡಿ. 64 ಮನೆ ಉಳಿದವು. ಇನ್ನು ಮೂರೇಳ್ಲ ಮತ್ತು ಏಳ್ಮೂರ್ಲ ಒಂದೇ. ದೊಡ್ಡವರಿಗೆ ಇದು ಹೇಳಬೇಕಾದ ಮಾತೂ ಅಲ್ಲ, ಮಗುವಿಗೆ ಮಾತ್ರ ಇದು ಸ್ವಯಂಸಿದ್ಧವಲ್ಲ. ಮೂವರು ಹುಡುಗಿಯರಿಗೆ ಏಳೇಳು ಬಳೆ ಕೊಡುವುದೂ ಏಳು ಹುಡುಗಿಯರಿಗೆ ಮೂರುಮೂರು ಕೊಡುವುದೂ ಅದರ ಕಣ್ಣಿಗೆ ಬೇರೆ ಬೇರೆ ಘಟನೆ. ಕಿರಾಣಿ ಅಂಗಡಿಯ ಮೊಟ್ಟೆ ಟ್ರೇ ತಂದು ತೋರಿಸಿ. ಐದು ಸಾಲು, ಸಾಲಿಗೆ ಆರು ಗುಳಿ. ಟ್ರೇಯನ್ನು ಕಾಲುಸುತ್ತು ತಿರುಗಿಸಿ, ಆರು ಸಾಲು, ಸಾಲಿಗೆ ಐದು. ಒಂದೂ ಮೊಟ್ಟೆ ಕೂಡಲಿಲ್ಲ, ಒಂದೂ ಕಳೆಯಲಿಲ್ಲ. ಇದನ್ನು ಮಗು ತನ್ನ ಕೈಯಿಂದ ತಿರುಗಿಸಿ ಒಪ್ಪಿಕೊಂಡ ದಿನ 28 ಮನೆಗಳು ಒಟ್ಟಿಗೆ ಅಳಿಸಿಹೋಗಿ 36 ಉಳಿಯುತ್ತವೆ. ಇಡೀ ಮಗ್ಗಿಯಲ್ಲಿ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿಲ್ಲ. ಚೀನಾದ ಮಕ್ಕಳು ಸಾಂಪ್ರದಾಯಿಕವಾಗಿ ಕಲಿಯುವ ‘ಒಂಬತ್ತೊಂಬತ್ತು’ ಮಗ್ಗಿಯಲ್ಲಿ 81ಕ್ಕೆ ಬದಲು 45 ಸಾಲುಗಳೇ ಇರುವುದಕ್ಕೂ ಇದೇ ಕಾರಣ. ಜೋಡಿಯಲ್ಲಿ ಚಿಕ್ಕದನ್ನು ಮೊದಲು ಹೇಳಿ, ತಿರುಗಿಸಿದ್ದನ್ನು ಬಿಟ್ಟುಬಿಡುತ್ತಾರೆ. ನಾವು ಎರಡೂ ಸಲ ಹೇಳಿಸುತ್ತೇವೆ, ಎರಡೂ ಒಂದೇ ಎಂದು ತೋರಿಸುವುದನ್ನು ಮರೆಯುತ್ತೇವೆ.

ಎರಡರ ಮಗ್ಗಿ ಎಂದರೆ ಜೋಡಿ. ಐದರದು ಹತ್ತರ ಅರ್ಧ: ಐದೇಳ್ಲ ಬೇಕಾದರೆ ಎಪ್ಪತ್ತರ ಅರ್ಧ ಮೂವತ್ತೈದು. ಗೋಡೆ ಗಡಿಯಾರದ ನಿಮಿಷದ ಮುಳ್ಳು ಇದನ್ನು ದಿನವಿಡೀ ಹೇಳಿಕೊಡುತ್ತಲೇ ಇರುತ್ತದೆ. ಈ ಎರಡು ಹೋದರೆ 21.

ಒಂಬತ್ತರ ಬಳಿ ಸ್ವಲ್ಪ ನಿಲ್ಲಬೇಕು. 9, 18, 27, 36, 45, 54, 63, 72, 81, 90. ಹತ್ತರ ಸ್ಥಾನ ಒಂದೊಂದೇ ಏರುತ್ತದೆ, ಬಿಡಿ ಸ್ಥಾನ ಒಂದೊಂದೇ ಇಳಿಯುತ್ತದೆ, ಎರಡನ್ನೂ ಕೂಡಿದರೆ ಯಾವಾಗಲೂ 9. ಅರ್ಧ ದಾರಿ ದಾಟಿದ ಮೇಲೆ 45 ತಿರುಗಿ 54, 36 ತಿರುಗಿ 63. ಹತ್ತು ಬೆರಳು ಚಾಚಿ ನಾಲ್ಕನೆಯದನ್ನು ಮಡಚಿದರೆ ಎಡಕ್ಕೆ ಮೂರು, ಬಲಕ್ಕೆ ಆರು, ಒಂಬತ್ನಾಕ್ಲ ಮೂವತ್ತಾರು. ಈ ಬೆರಳಾಟ ಎಲ್ಲ ಶಾಲೆಗಳಲ್ಲೂ ಇದೆ. ಇದು ಏಕೆ ಹೀಗೆ ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೆ ಕೇಳಿಬರುತ್ತದೆ, ಉತ್ತರವೋ ಎರಡನೆಯ ತರಗತಿಯ ಮಗುವಿಗೂ ಎಟುಕುವಂಥದ್ದು. ಒಂಬತ್ತು ಕೂಡುವುದೆಂದರೆ ಹತ್ತು ಕೊಟ್ಟು ಒಂದು ವಾಪಸು ಪಡೆಯುವುದು. ಹತ್ತರ ಸ್ಥಾನ ಏರುವುದು ಕೊಟ್ಟ ಹತ್ತರಿಂದ, ಬಿಡಿ ಸ್ಥಾನ ಇಳಿಯುವುದು ಪಡೆದ ಒಂದರಿಂದ. ಮಡಚುವ ಬೆರಳು ಒಂದು ಬಲಕ್ಕೆ ಸರಿದರೆ ಎಡಕ್ಕೆ ಒಂದು ಹೆಚ್ಚುವುದೂ ಬಲಕ್ಕೆ ಒಂದು ಕಡಿಮೆಯಾಗುವುದೂ ಇದೇ. ಕಾರಣ ತಿಳಿದ ಮಗುವಿಗೆ 19ರ ಮಗ್ಗಿಯೂ ಹೆದರಿಸುವುದಿಲ್ಲ: ಇಪ್ಪತ್ತು ಕೊಟ್ಟು ಒಂದು ವಾಪಸು. 19, 38, 57, 76, 95. ಬರೀ ಬೆರಳಾಟ ಕಲಿತ ಮಗು ಹತ್ತಕ್ಕೇ ನಿಲ್ಲುತ್ತದೆ.

ಒಂಬತ್ತು ಹೋದರೆ 15 ಉಳಿದವು. ನಾಲ್ಕೆಂದರೆ ಜೋಡಿಯ ಜೋಡಿ. ಏಳರ ಜೋಡಿ ಹದಿನಾಲ್ಕು, ಅದರ ಜೋಡಿ ಇಪ್ಪತ್ತೆಂಟು. ಈಗ ಹತ್ತು. ಮೂರೆಂದರೆ ಜೋಡಿಗೆ ಇನ್ನೊಂದು ಸೇರಿಸುವುದು. ಎಂಟರ ಜೋಡಿ ಹದಿನಾರು, ಇನ್ನೊಂದು ಎಂಟು, ಇಪ್ಪತ್ನಾಲ್ಕು. ಈಗ ಆರು.

6×6, 6×7, 6×8, 7×7, 7×8, 8×8.

ನೂರು ಮನೆಗಳ ಚೌಕದಲ್ಲಿ ಬಣ್ಣ ಬೀಳದೆ ಉಳಿಯುವ ಸಂಗತಿಗಳು ಇಷ್ಟೇ. ಮಕ್ಕಳು ಅತಿ ಹೆಚ್ಚು ತಪ್ಪುವ ಜಾಗವೂ ಇದೇ ಮೂಲೆ. ಈ ಆರನ್ನು ಬಾಯಿಪಾಠ ಮಾಡಿಸಿ ಎಂದರೂ ಅನ್ಯಾಯವಲ್ಲ. ಆದರೆ ಇವುಗಳಿಗೂ ಒಂದು ದಾರಿಯಿದೆ, ಅದನ್ನು ತೋರಿಸಿದವರು ನಮ್ಮವರೇ. ಅದಕ್ಕೆ ಹೈದರಾಬಾದಿನಿಂದ ರೈಲು ಹತ್ತಬೇಕು.

ವಾಡಿಯ ಕಡೆಗೆ ಹೋಗುವ ಗಾಡಿ ವಿಕಾರಾಬಾದ್, ತಾಂಡೂರು ದಾಟಿ ಕರ್ನಾಟಕದೊಳಗೆ ಬಂದು ಸೇಡಂ ಬಿಟ್ಟ ಮೇಲೆ ಮಳಖೇಡ ರೋಡ್ ಎಂಬ ನಿಲ್ದಾಣ ಬರುತ್ತದೆ. 1874ರಲ್ಲಿ ನಿಜಾಮರ ರಾಜ್ಯಕ್ಕೆಂದು ಹಾಕಿದ ಹಳಿ ಅದು. ಸುಣ್ಣಕಲ್ಲಿನ ಆ ನೆಲದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೇ ಶತಮಾನದಲ್ಲಿ ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರು ಕವಿರಾಜಮಾರ್ಗದಿಂದಾಗಿ ಕನ್ನಡಿಗರಿಗೆಲ್ಲ ಗೊತ್ತು. ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ಶಾಲೆಗೂ ನೃಪತುಂಗನದೇ ಹೆಸರು. ಅದೇ ಅರಸನನ್ನು ಮೊದಲ ಪುಟಗಳಲ್ಲಿ ಕೊಂಡಾಡಿ ಆರಂಭವಾಗುವ ಇನ್ನೊಂದು ಪುಸ್ತಕವಿದೆ, ಕವಿರಾಜಮಾರ್ಗದಷ್ಟು ಅದು ಮನೆಮಾತಾಗಲಿಲ್ಲ ಎಂಬುದು ನನಗೆ ತುಂಬ ನೋವಿನ ಸಂಗತಿ. ಜೈನ ಗಣಿತಜ್ಞ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಸಂಸ್ಕೃತದ ಈ ಗ್ರಂಥವನ್ನು ಮುಂದೆ ಪಾವುಲೂರಿ ಮಲ್ಲನ ತೆಲುಗಿಗೆ ತಂದ. 12ನೇ ಶತಮಾನದಲ್ಲಿ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯನೂ ಜೈನ ಗಣಿತದ ಈ ಪರಂಪರೆಯವನೇ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಿಂದ ಪ್ರಕಟಿಸಿದ ಮೇಲೆ ಹೊರಜಗತ್ತಿಗೆ ಮಹಾವೀರನ ಪರಿಚಯವಾಯಿತು.

ಒಂದು ಸಂಖ್ಯೆಯ ವರ್ಗ ಕಂಡುಹಿಡಿಯಲು ಮಹಾವೀರ ಹಲವು ದಾರಿ ಹೇಳುತ್ತಾನೆ. ಒಂದು ಹೀಗಿದೆ: ಆ ಸಂಖ್ಯೆಯಿಂದ ನಿನಗೆ ಬೇಕಾದಷ್ಟು ಕಳೆ, ಅಷ್ಟನ್ನೇ ಇನ್ನೊಂದು ಕಡೆ ಕೂಡು, ಎರಡನ್ನೂ ಗುಣಿಸು, ಕಳೆದುಕೂಡಿದ್ದರ ವರ್ಗವನ್ನು ಸೇರಿಸು. ಬೀಜಗಣಿತದ ಪುಸ್ತಕದಲ್ಲಿ ಇದನ್ನು ನೋಡಿ ಹಾಗೆಯೇ ದಾಟಿಬಿಡುತ್ತೇವೆ. ಮೂರನೆಯ ತರಗತಿಗೆ ಇಳಿಸಿ ನೋಡಿ. 7×7 ಬೇಕು. ಒಂದು ಏಳಕ್ಕೆ ಮೂರು ಕೂಡಿದರೆ ಹತ್ತು, ಇನ್ನೊಂದರಿಂದ ಮೂರು ಕಳೆದರೆ ನಾಲ್ಕು. ಹತ್ನಾಕ್ಲ ನಲವತ್ತು, ಅದಕ್ಕೆ ಮೂರರ ವರ್ಗ ಒಂಬತ್ತು. ನಲವತ್ತೊಂಬತ್ತು. 8×8 ಬೇಕು. ಎರಡು ಕೂಡಿ ಹತ್ತು, ಎರಡು ಕಳೆದು ಆರು, ಅರವತ್ತು, ಅದಕ್ಕೆ ಎರಡರ ವರ್ಗ ನಾಲ್ಕು. ಅರವತ್ನಾಲ್ಕು. 6×6: ನಾಲ್ಕು ಕೂಡಿ ಹತ್ತು, ನಾಲ್ಕು ಕಳೆದು ಎರಡು, ಇಪ್ಪತ್ತು, ಅದಕ್ಕೆ ಹದಿನಾರು. ಮೂವತ್ತಾರು.

ಆರರಲ್ಲಿ ಮೂರು ಮುಗಿದವು. ಉಳಿದವು ಇವುಗಳ ಪಕ್ಕದಲ್ಲೇ ಇವೆ. ಆರಾರ್ಲ ಮೂವತ್ತಾರಕ್ಕೆ ಇನ್ನೊಂದು ಆರು ಸೇರಿದರೆ ಆರೇಳ್ಲ ನಲವತ್ತೆರಡು. ಏಳೇಳ್ಲ ನಲವತ್ತೊಂಬತ್ತಕ್ಕೆ ಇನ್ನೊಂದು ಏಳು ಸೇರಿದರೆ ಏಳೆಂಟ್ಲ ಐವತ್ತಾರು. ಆರೆಂಟ್ಲಕ್ಕೆ ಮಹಾವೀರನ ಸೂತ್ರವನ್ನೇ ಹಿಂದುಮುಂದಾಗಿ ಬಳಸಬಹುದು. ಹುಣಸೆ ಬೀಜಗಳನ್ನು ಏಳೇಳರ ಚೌಕವಾಗಿ ಇಟ್ಟು, ಕೆಳಗಿನ ಸಾಲನ್ನು ಪೂರಾ ತೆಗೆದು ಬಲಕ್ಕೆ ನಿಲ್ಲಿಸಿ. ಈಗಿರುವುದು ಆರೇ ಸಾಲು, ಆದ್ದರಿಂದ ಆರು ಬೀಜ ನಿಲ್ಲುತ್ತವೆ, ಒಂದು ಕೈಯಲ್ಲೇ ಉಳಿಯುತ್ತದೆ. ಆರೆಂಟ್ಲ ಏಳೇಳ್ಲಕ್ಕಿಂತ ಒಂದು ಕಡಿಮೆ, 48. ಹೀಗೆ ಕೈಯಲ್ಲಿ ಒಂದು ಬೀಜ ಉಳಿಯುವುದು ಬರೀ ಏಳಕ್ಕಲ್ಲ. ಐದೇಳ್ಲ 35, ಆರಾರ್ಲ 36. ಏಳೊಂಬತ್ಲ 63, ಎಂಟೆಂಟ್ಲ 64. ಮಗು ಇನ್ನೊಂದು ಜೋಡಿಯನ್ನು ತಾನೇ ಹುಡುಕಿ ತಂದರೆ ಅಂದಿನ ಪಾಠ ಅಲ್ಲಿಗೆ ಸಾಕು.

ವರ್ಗಕ್ಕೆ ಮಹಾವೀರ ಹೇಳುವ ಇನ್ನೊಂದು ದಾರಿ ಬೆಸಸಂಖ್ಯೆಗಳದು: ಒಂದರಿಂದ ಹೊರಟು ಎರಡೆರಡು ಏರುತ್ತಾ, ಎಷ್ಟರ ವರ್ಗ ಬೇಕೋ ಅಷ್ಟು ಸಂಖ್ಯೆಗಳನ್ನು ಕೂಡು. 1, 3, 5, 7, 9, 11, 13. ಏಳು ಸಂಖ್ಯೆಗಳ ಮೊತ್ತ 49. ಒಂದು ಬೀಜದ ಸುತ್ತ ಮೂರನ್ನು ಮೂಲೆಗಟ್ಟಿದರೆ ಎರಡೆರಡರ ಚೌಕ, ಅದಕ್ಕೆ ಐದನ್ನು ಮೂಲೆಗಟ್ಟಿದರೆ ಮೂರುಮೂರರ ಚೌಕ. ಇದು ಮಗ್ಗಿ ಹೇಳಲು ವೇಗದ ದಾರಿಯಲ್ಲ, ನಿಜ. ಚೌಕ ಹೇಗೆ ಬೆಳೆಯುತ್ತದೆ ಎಂದು ಕಣ್ಣಿಗೆ ಕಾಣಿಸುವ ದಾರಿ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಮಹಾವೀರನನ್ನು ಬಿಟ್ಟು ಮುಂದೆ ಹೋಗುವ ಮೊದಲು ಆತನ ಹಾರಗಳನ್ನು ನೋಡಲೇಬೇಕು. ಗುಣಾಕಾರದ ಪ್ರಕರಣದಲ್ಲಿ ಆತ ಕೆಲವು ಲೆಕ್ಕಗಳನ್ನು ಉತ್ತರದ ಅಂದಕ್ಕಾಗಿಯೇ ಆರಿಸಿದ್ದಾನೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ ಬರುವ ಆ ಉತ್ತರಗಳನ್ನು ಕೊರಳ ಹಾರವೆಂದೇ ಕರೆಯುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, 11111111. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ 12345654321. ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ನಮ್ಮಲ್ಲಿ ಕಾಗದವೂ ಇಲ್ಲದ ಕಾಲದಲ್ಲಿ, ಒಬ್ಬ ಮೇಷ್ಟರು ಇವನ್ನು ಹುಡುಕಿ ಹುಡುಕಿ ಪೋಣಿಸಿದ್ದಾರೆ. ಗುಣಾಕಾರ ಕಲಿಯುವವನಿಗೆ ದಣಿವಾಗಬಾರದು, ಕೊನೆಯಲ್ಲಿ ಕಣ್ಣರಳಬೇಕು ಎಂಬ ಕಾಳಜಿ ಇಲ್ಲದೆ ಯಾರೂ ಇಷ್ಟು ಶ್ರಮಪಡುವುದಿಲ್ಲ. ಎರಡಂಕಿಯ ಗುಣಾಕಾರ ಅಭ್ಯಾಸ ಮಾಡಿಸುವಾಗ ಯಾವುದೋ ಒಣಲೆಕ್ಕದ ಬದಲು 37×3 ಕೊಡಿ, 111 ಬರಲಿ. ಆಮೇಲೆ 37×6, 37×9. ಎಂಟನೆಯ ತರಗತಿಯ ಅಣ್ಣನಿಗೆ ಮಹಾವೀರನ 142857143ನ್ನು 7ರಿಂದ ಗುಣಿಸಲು ಹೇಳಿ. 1000000001 ಬಂದಾಗ ಅವನ ಮುಖ ನೋಡಿ.

ಆರರ ಮೂಲೆಗೆ ಬೆರಳಿನ ದಾರಿಯೂ ಒಂದಿದೆ, ಯುರೋಪಿನ ಹಳ್ಳಿಗರಲ್ಲೂ ರೂಢಿಯಲ್ಲಿದ್ದದ್ದು. 7×8ಕ್ಕೆ ಐದರ ಮೇಲೆ ಎಷ್ಟೋ ಅಷ್ಟು ಬೆರಳು ಎತ್ತಬೇಕು: ಒಂದು ಕೈಯಲ್ಲಿ ಎರಡು, ಇನ್ನೊಂದರಲ್ಲಿ ಮೂರು. ಎತ್ತಿದವನ್ನು ಕೂಡಿದರೆ ಐದು, ಅದು ಐವತ್ತು. ಮಡಚಿದವು ಮೂರು ಮತ್ತು ಎರಡು, ಗುಣಿಸಿದರೆ ಆರು. ಐವತ್ತಾರು. ‘ವೇದಗಣಿತ’ದ ತರಗತಿಗಳಲ್ಲಿ ಕಲಿಸುವ ನಿಖಿಲಂ ಸೂತ್ರವೂ ಇದೇ: ಏಳು ಹತ್ತಕ್ಕೆ ಮೂರು ಕಡಿಮೆ, ಎಂಟು ಎರಡು ಕಡಿಮೆ; ಏಳರಲ್ಲಿ ಎರಡು ಕಳೆದು ಐದು, ಮೂರೆರಡ್ಲ ಆರು. ಆ ಹೆಸರನ್ನು ಪ್ರಚಾರಕ್ಕೆ ತಂದ ಭಾರತೀ ಕೃಷ್ಣ ತೀರ್ಥರ ಪುಸ್ತಕ ಅವರ ನಿಧನದ ನಂತರ 1965ರಲ್ಲಿ ಹೊರಬಂತು. ಸೂತ್ರಗಳು ಈಗ ಲಭ್ಯವಿರುವ ವೇದಪಾಠಗಳಲ್ಲಿ ಸಿಗುವುದಿಲ್ಲವೆಂದು ವಿದ್ವಾಂಸರು ಹೇಳಿದ್ದಾರೆ. ಲೆಕ್ಕ ಮಾತ್ರ ಸರಿಯಾದದ್ದೇ, ಅದಕ್ಕೆ ಯಾವ ಪುರಾತನ ಮುದ್ರೆಯ ಹಂಗೂ ಬೇಕಿಲ್ಲ. ಬೇಕಾಗಿರುವುದು ಕಾರಣ. ಎಂಟರ ಬದಲು ಹತ್ತು ಇಟ್ಟುಕೊಂಡರೆ ಏಳ್ಹತ್ಲ ಎಪ್ಪತ್ತು. ಎರಡು ಏಳು ಹೆಚ್ಚಾಯಿತು, ವಾಪಸು ಕೊಡಬೇಕು. ಏಳರ ಬದಲು ಹತ್ತೆಂದುಕೊಂಡು ಎರಡು ಹತ್ತು ಕೊಟ್ಟುಬಿಟ್ಟೆ, ಐವತ್ತು ಉಳಿಯಿತು. ಆದರೆ ಪ್ರತಿ ಸಲವೂ ಮೂರು ಹೆಚ್ಚು ಕೊಟ್ಟೆ, ಎರಡು ಸಲ. ಆ ಆರು ನನಗೇ ಬರಬೇಕು. ಬೆರಳುಗಳು ಈ ಕೊಡುಕೊಳ್ಳುವಿಕೆಯನ್ನೇ ಆಡಿ ತೋರಿಸುತ್ತವೆ. ಕಾರಣ ಹೇಳದೆ ಉಪಾಯ ಮಾತ್ರ ಕಲಿಸಿದರೆ ಮಗುವಿನ ಮೇಲೆ ಮಗ್ಗಿಯ ಜೊತೆಗೆ ಉಪಾಯವೂ ಬಾಯಿಪಾಠವಾಗಿ ಕೂರುತ್ತದೆ. ಊರಿನ ಗಲ್ಲಿಗಲ್ಲಿಯಲ್ಲಿ ನಡೆಯುವ ವೇಗಗಣಿತದ ತರಗತಿಗಳ ಬಗ್ಗೆ ನನ್ನ ತಕರಾರು ಇದೊಂದೇ, ಆದರೆ ಅದು ಸಣ್ಣದಲ್ಲ.

ಲೆಕ್ಕವೆಂದರೆ ಮುಖ ತಿರುಗಿಸುವ ಮಗುವನ್ನು ರಂಗೋಲಿಯಿಂದ ಕರೆತರಬಹುದು. ಸಂಕ್ರಾಂತಿಯ ತಿಂಗಳಲ್ಲಿ ಹೈದರಾಬಾದಿನ ಬೀದಿಬೀದಿಯ ಮುಂಬಾಗಿಲಲ್ಲಿ ತೆಲುಗರ ಮುಗ್ಗುಗಳು ಅರಳಿರುತ್ತವೆ, ಚುಕ್ಕಿ ಸೇರಿಸುವ ಕೈಗಳಿಗೆ ಅಲ್ಲಿ ಕೊರತೆಯಿಲ್ಲ. ಒಂದು ವೃತ್ತ ಎಳೆದು ಅದರ ಮೇಲೆ ಸಮ ಅಂತರದಲ್ಲಿ ಹತ್ತು ಚುಕ್ಕಿ ಇಡಿ, 0ಯಿಂದ 9ರವರೆಗೆ ಹೆಸರಿಡಿ. ಸೊನ್ನೆಯಿಂದ ಹೊರಟು ಒಂದು ಮಗ್ಗಿಯ ಬಿಡಿ ಸ್ಥಾನದ ಅಂಕಿಗಳನ್ನು ಮಾತ್ರ ಗೆರೆಯಿಂದ ಸೇರಿಸುತ್ತಾ ಹೋಗಿ. ಮೂರರ ಮಗ್ಗಿ 3, 6, 9, 2, 5, 8, 1, 4, 7, 0 ಎಂದು ಹತ್ತೂ ಚುಕ್ಕಿ ಮುಟ್ಟಿ ಹತ್ತು ಮೂಲೆಯ ನಕ್ಷತ್ರವಾಗುತ್ತದೆ. ನಾಲ್ಕರದು 4, 8, 2, 6, 0 ಎಂದು ಐದು ಮೂಲೆಯ ನಕ್ಷತ್ರ. ಎರಡರದು ಪಂಚಕೋನ. ಐದರದು ಒಂದೇ ಗೆರೆ, ಸೊನ್ನೆಯಿಂದ ಐದಕ್ಕೆ, ಮತ್ತೆ ಸೊನ್ನೆಗೆ. ಈಗ ಏಳರದನ್ನು ಎಳೆಯಿರಿ. ಮೂರರ ನಕ್ಷತ್ರವೇ ಮರಳಿ ಬರುತ್ತದೆ, ಗೆರೆ ಹೋಗುವ ದಿಕ್ಕು ಮಾತ್ರ ತಿರುವುಮುರುವು. ಆರು ನಾಲ್ಕರ ಜೋಡಿ, ಎಂಟು ಎರಡರ ಜೋಡಿ, ಒಂಬತ್ತು ಒಂದರ ಜೋಡಿ. ಮೂರು ಹೆಜ್ಜೆ ಮುಂದೆ ಹೋಗುವುದೂ ಏಳು ಹೆಜ್ಜೆ ಮುಂದೆ ಹೋಗುವುದೂ ಹತ್ತು ಚುಕ್ಕಿಯ ವೃತ್ತದಲ್ಲಿ ಎದುರುಬದುರು, ಮೂರೂ ಏಳೂ ಕೂಡಿ ಹತ್ತಾಗುವುದರಿಂದ. ಇಲ್ಲಿ ಉತ್ತರ ಬಾಯಿಗೆ ಬರುವುದಿಲ್ಲ, ತಪ್ಪು ಕಣ್ಣಿಗೆ ಬೀಳುತ್ತದೆ. ಏಳೆಂಟ್ಲ 54 ಎಂದ ಮಗು ನಾಲ್ಕರ ಚುಕ್ಕಿಗೆ ಗೆರೆ ಎಳೆದರೆ ನಕ್ಷತ್ರ ಕೆಡುತ್ತದೆ, ಯಾರೂ ಗದರಬೇಕಾಗಿಲ್ಲ.

ಹತ್ತರಾಚೆಗಿನ ಮಗ್ಗಿ ಈಗ ಬೇಕೇ ಎಂದು ಕೇಳುವವರಿದ್ದಾರೆ. ನಮ್ಮ ಹಳೆಯ ಊರುಶಾಲೆಗಳಾದ ಕೂಲಿಮಠಗಳಲ್ಲಿ ಇಪ್ಪತ್ತರ ಮಗ್ಗಿಯನ್ನೂ ದಾಟಿ ಕಾಲು, ಅರೆ, ಮುಕ್ಕಾಲರ ಮಗ್ಗಿ ಹೇಳಿಸುತ್ತಿದ್ದುದು ಹಟಕ್ಕಲ್ಲ. ರೂಪಾಯಿಗೆ ಹದಿನಾರಾಣೆ, ನಿಜಾಮರ ಹಾಲಿ ಸಿಕ್ಕಾ ರೂಪಾಯಿಯಲ್ಲೂ ಹದಿನಾರೇ. ಸೇರಿನ ಕಾಲುಭಾಗಕ್ಕೆ ಎಷ್ಟು ಆಣೆ ಎಂದು ಅಂಗಡಿಯ ಕಟ್ಟೆಯ ಮೇಲೆ ನಿಂತಲ್ಲೇ ಹೇಳಬೇಕಾಗಿತ್ತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದ ಮೇಲೆ ಹದಿನಾರರ ಮಗ್ಗಿ ತನ್ನ ನಿತ್ಯದ ಕೆಲಸ ಕಳೆದುಕೊಂಡಿತು. ಹನ್ನೆರಡರದು ಕಳೆದುಕೊಂಡಿಲ್ಲ. ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿನಲ್ಲಿ ಬಳೆ ಇನ್ನೂ ಡಜನ್ನಿನ ಲೆಕ್ಕದಲ್ಲೇ ಸಿಗುತ್ತದೆ. ಏಳು ಡಜನ್ ಎಂದರೆ ಹತ್ತೇಳ್ಲ ಎಪ್ಪತ್ತು, ಎರಡೇಳ್ಲ ಹದಿನಾಲ್ಕು, ಎಂಬತ್ನಾಲ್ಕು. ಹತ್ತರಾಚೆಗೆ ಮಗ್ಗಿ ಬಾಯಿಪಾಠಕ್ಕಿಂತ ಹೀಗೆ ಒಡೆದು ಕೂಡುವುದನ್ನು ಕಲಿಸುವುದೇ ಲೇಸು. ಮುಂದೆ ದೊಡ್ಡ ಗುಣಾಕಾರವೂ ಬೀಜಗಣಿತವೂ ಈ ಒಡೆಯುವಿಕೆಯ ಮೇಲೆಯೇ ನಿಲ್ಲುತ್ತವೆ.

ಇನ್ನು ವೇಗ. ಈ ಊರಿನ ನೀಲಕಂಠ ಭಾನು ಪ್ರಕಾಶ್ 2020ರಲ್ಲಿ ಮೈಂಡ್ ಸ್ಪೋರ್ಟ್ಸ್ ಒಲಿಂಪಿಯಾಡಿನ ಮನೋಗಣಿತದ ವಿಶ್ವ ಸ್ಪರ್ಧೆಯಲ್ಲಿ ಚಿನ್ನ ಗೆದ್ದಾಗ ಎಷ್ಟೋ ಮನೆಗಳಲ್ಲಿ ಸ್ಟಾಪ್‌ವಾಚ್ ಹೊರಬಂತು. ಅದಕ್ಕೂ ನಲವತ್ತು ವರ್ಷ ಹಿಂದೆ, 1980ರ ಜೂನ್ 18ರಂದು, ಬೆಂಗಳೂರಿನ ಶಕುಂತಲಾ ದೇವಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದ್ದರು. ಇವರಿಬ್ಬರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಭಾನು ಪ್ರಕಾಶ್ ಅಂಕಿಗಳಲ್ಲಿ ತೊಡಗಿಕೊಂಡದ್ದು ಐದನೆಯ ವಯಸ್ಸಿನಲ್ಲಿ ತಲೆಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದಾಗ, ಯಾರೂ ಗಡಿಯಾರ ಹಿಡಿದು ಎದುರು ನಿಂತದ್ದರಿಂದಲ್ಲ. ಶಕುಂತಲಾ ದೇವಿ 1977ರ ತಮ್ಮ ಪುಸ್ತಕದಲ್ಲಿ ಒಂದೊಂದು ಅಂಕಿಯ ಸ್ವಭಾವವನ್ನೇ ಅಕ್ಕರೆಯಿಂದ ಹೇಳುತ್ತಾ ಹೋಗುತ್ತಾರೆ. ವೇಗ ಅವರಿಗೆ ಆ ಸಲಿಗೆಯಿಂದ ಬಂದದ್ದು. ಅಮೆರಿಕದ ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಸಂಗಡಿಗರು ತೋರಿಸಿರುವಂತೆ, ಲೆಕ್ಕದ ಭಯ ಲೆಕ್ಕಕ್ಕೆ ಬೇಕಾದ ತಾತ್ಕಾಲಿಕ ನೆನಪಿನ ಜಾಗವನ್ನೇ ತಿನ್ನುತ್ತದೆ. ಗಡಿಯಾರ ನೋಡುತ್ತಾ ನಡುಗುವ ಮಗು ಬಂದದ್ದನ್ನೂ ಮರೆಯುತ್ತದೆ.

ಆದ್ದರಿಂದ ಅಭ್ಯಾಸ ಬೇಡವೆಂದಲ್ಲ. ವಿನ್ಯಾಸ ಕಂಡ ಮೇಲೆ ಅಭ್ಯಾಸ ಬೇಕೇ ಬೇಕು. 7×8ಕ್ಕೆ ಪ್ರತಿ ಸಲ ಏಳೇಳ್ಲಕ್ಕೆ ಹೋಗಿ ಏಳು ಕೂಡುತ್ತಾ ಕೂತರೆ ಭಾಗಾಕಾರ ಕೈಗೆ ಹತ್ತುವುದಿಲ್ಲ. ದಿನಕ್ಕೆ ಐದು ನಿಮಿಷ, ಒಂದು ಸಲಕ್ಕೆ ಎರಡೇ ಹೊಸ ಸಂಗತಿ, ಕ್ರಮ ತಪ್ಪಿಸಿ ಕೇಳುವುದು, ಎರಡು ದಿನ ಬಿಟ್ಟು ಮತ್ತೆ ಕೇಳುವುದು. ನೋಡಿ ಬರೆಯುವುದಕ್ಕಿಂತ ನೆನೆದು ಹೇಳುವುದು ನಿಲ್ಲುತ್ತದೆ. ಸಿಕ್ಕುಬೀಳುವ ನೆರೆಹೊರೆಗಳನ್ನು, 54 ಮತ್ತು 56ನ್ನು, ಒಂದೇ ದಿನ ಕಲಿಸಬೇಡಿ. ಮಗು ತಪ್ಪಿದಾಗ ಉತ್ತರ ಹೇಳಿಬಿಡುವ ಬದಲು ‘ನಿನಗೆ ಗೊತ್ತಿರುವ ಪಕ್ಕದ್ದು ಯಾವುದು?’ ಎಂದು ಕೇಳಿ ಸುಮ್ಮನಿರಿ.

ಐದನೆಯ ತರಗತಿಗೆ ಬಂದು ಮಗ್ಗಿ ಒಲಿದ ಮಗುವಿಗೆ ಕೊಡಲು ನನ್ನ ಬಳಿ ಒಂದು ಲೆಕ್ಕವಿದೆ. ಹೈದರಾಬಾದಿನ ಪಿನ್‌ಕೋಡುಗಳ ಮೊದಲ ಮೂರು ಅಂಕಿ 500. ಅದನ್ನು ಎರಡು ಸಲ ಒಟ್ಟಿಗೆ ಬರೆಸಿ: 500500. ಏಳರಿಂದ ಭಾಗಿಸಲಿ, 71500, ಶೇಷವಿಲ್ಲ. ಅದನ್ನು ಹನ್ನೊಂದರಿಂದ, 6500, ಶೇಷವಿಲ್ಲ. ಅದನ್ನು ಹದಿಮೂರರಿಂದ. 500 ಮರಳಿ ಬಂತು. ಈಗ ಮಗು ತನಗಿಷ್ಟವಾದ ಮೂರಂಕಿಯ ಯಾವ ಸಂಖ್ಯೆಯನ್ನಾದರೂ ಹೀಗೆ ಎರಡು ಸಲ ಬರೆದು, ಏಳು, ಹನ್ನೊಂದು, ಹದಿಮೂರರಿಂದ ಭಾಗಿಸಿ ನೋಡಲಿ. ನಾಲ್ಕೈದು ಸಲ ಮಾಡಿದ ಮೇಲೆ ಏಕೆ ಎಂದು ಅದೇ ಕೇಳುತ್ತದೆ. ಆಗ 7×11×13 ಎಷ್ಟೆಂದು ಗುಣಿಸಲು ಹೇಳಿ.